ಅಲ್ಲಾಡೂ ಕಾಲು

ಖಾನಾಪುರದಿಂದ ಬರ್ತಿದ್ದ ಕಂಪ್ಯೂಟರ್ ರಿಪೇರಿಯಾಂವ ಕುಂತಲ್ಲೆ ಕಾಲು ಅಲ್ಲಾಡಸ್ತಿದ್ದ. "ಅಲ್ಲಾಡಸಬ್ಯಾಡೋ ತಮ್ಮಾ, ದರಿದ್ರ ಬರತೈತಿ" ಅಂತ ನಾ ಬೈದರ ತುಸು ತಡದು, ಮತ್ತ ಸುರು ಮಾಡಾಂವ.

ರಾಮತೀರ್ಥ ನಗರದಾಗ ನಮ್ಮದು ಕಸೂತಿ ಅಂಗಡಿ. ಮಷೀನಿಗೆ ಡಿಸೈನ್ ಕಳಸೂ ಕಂಪ್ಯೂಟರಿಗೆ, ಅದನ್ನ ನಡಸೂ ಲಿನಕ್ಸ್ ಹಾಕಿದಾಂವ ಅವನಽ. ಹೋಗುವಾಗೆಲ್ಲಾ ಒಂದಽ ಮಾತು: "ಹಳೇದು ಗಟ್ಟಿ ಐತಿ ಆಯಿ, ಹೊಸಾದು ಬೇಡಬ್ಯಾಡ್ರಿ."

ಒಂದ್ಸಲ ಮದುಮಗಳ ತಾಯಿ ಒಂದು ಹೊಸ ಡಿಸೈನ್ ತಂದು, ಕುಬಸಕ್ಕ ಇದಽ ಬೇಕಂತ ಹಟಾ ಹಿಡದಳು. ಮರುದಿನಾನಽ ಮದಿವಿ. ಹಳೇ ಪ್ರೋಗ್ರಾಮಿನ್ಯಾಗ ಆ ಡಿಸೈನ್ ತೆರೀಲಿಲ್ಲ. ಅವನ್ನ ಕರಸಿದೆ. ಉಳಿದದ್ದೆಲ್ಲಾ ಹಳೇದಽ ಇಟ್ಟು, ಅಂವ ಆ ಪ್ರೋಗ್ರಾಮ್ ಒಂದನ್ನ ಇನ್ನೂ ಪರೀಕ್ಷೆಯೊಳಗಿದ್ದ ಹೊಸ ಲಿನಕ್ಸಿನಿಂದ ತಂದ. ಅದು ತನ್ನ ಜೋಡಿ ಬ್ಯಾರೆ ಹೊಸ ಪ್ರೋಗ್ರಾಮುಗಳನ್ನೂ ಎಳಕೊಂಡು ಬಂತು; ಅವು ಹಳೇವುಗಳ ಜೋಡಿ ಹೊಂದಲಿಲ್ಲ. ಮಷೀನು ಅರ್ಧಾ ಹೂವಿನ ಮ್ಯಾಲೆ ನಿಂತಬಿಡ್ತು.

"ಸೊಸಿ ಒಬ್ಬಾಕಿನ್ನ ಕರದರ ತವರಮನಿ ಮಂದಿಯೆಲ್ಲಾ ಬಂದಂಗಾತು" ಅಂದೆ. ಅಂವ ನಗಲಿಲ್ಲ. ಕೆಳಗ ನೋಡಿದರ ಅವನ ಕಾಲು ಸುಮ್ಮನ ನಿಂತಿತ್ತು. ನನಗ ಆಗ ಹೆದರಿಕಿ ಆತು.

ಬೇಕಾದಷ್ಟು ಹೊಸಾವನ್ನ ಇಟ್ಟಕೊಂಡು, ಉಳಿದಾವನ್ನ ಒಂದೊಂದಾಗಿ ಹಳೇದಕ್ಕ ತಿರುಗಿಸಿದ. ಸೂಜಿ ಟಕಟಕ ಬಡ್ಯಾಕ ಹತ್ತಿತು. ಅವನ ಕಾಲೂ ಅಲ್ಲಾಡಾಕ ಹತ್ತಿತು.

ಆವತ್ತು ನಾ ಬೈಲಿಲ್ಲ.