ನಾಮದೇವ ಕತ್ತರಿಸಿದ ತಂತಿ

"ರತ್ನಾಬಾಯಿ ಬೈದ್ರ ಅಂಜಬ್ಯಾಡ್ರಿ. ಸುಮ್ಮನಾದ್ಲಂದ್ರ ಬಾಗಲಾ ಹಾಕ್ಕೊಳ್ರಿ" ಎಂದು ರಾವೂರಿನ ಆ ಓಣಿಯವರು ನಗುತ್ತಿದ್ದರು. ಅವಳ ಮೈದುನ ನಾಮದೇವ ಮಾತ್ರ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಂಡ ತೀರಿದ ಮೇಲೆ ಮನೆ ಪಾಲಾಗಿತ್ತು. ಬೀದಿ ಬಾಗಿಲಿನ ಮುಂಭಾಗ ನಾಮದೇವನಿಗೆ, ಹಿಂದಿನ ಖೋಲಿ ರತ್ನಾಬಾಯಿಗೆ. ಅಲ್ಲೊಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಊರವರಿಗೆ ಪಹಣಿ ತೆಗೆದುಕೊಡುತ್ತ, ಮಕ್ಕಳ ಪರೀಕ್ಷೆಯ ಅರ್ಜಿ ತುಂಬಿಕೊಡುತ್ತ ಬದುಕುತ್ತಿದ್ದಳು. ಇಂಟರ್ನೆಟ್ಟಿನ ತಂತಿ ಕಂಬದಿಂದ ನಾಮದೇವನ ಮಾಳಿಗೆಯ ಮೇಲೆ ಹಾದು ಬರುತ್ತಿತ್ತು. ಒಂದು ದಿನ ಅವನು ಅದನ್ನು ಕತ್ತರಿಸಿ, ಸುತ್ತಿ, ಅವಳ ಹೊಸ್ತಿಲಿಗೆ ಎಸೆದ.

"ನನ್ನ ಪಾಲಿನ ಮ್ಯಾಲ ನಿಮ್ಮ ತಂತಿ ಯಾಕ, ವೈನಿ?" ಎಂದು ಅತ್ತಿಗೆಯನ್ನು ಕೇಳಿದ.

ರತ್ನಾಬಾಯಿ ಬೈಯಲಿಲ್ಲ. ಸುಮ್ಮನಾದಳು.

ಕೆಲಸ ನಿಂತಿತು. ಇವನ ಮನೆಯ ಹಿಂದೆ ಬದುಕಿದ್ದು ಸಾಕು, ಖೋಲಿ ಮಾರಿ ವಾಡಿ ಸ್ಟೇಷನ್ ಹತ್ತಿರ ಅಂಗಡಿ ಹಿಡಿಯೋಣವೆಂದು ನಿರ್ಧರಿಸಿದಳು. ಪಾಲಿನ ಮನೆ ಮಾರುವವರು ಮೊದಲು ಮನೆಯವರನ್ನೇ, ಹಿರಿಯರ ಮುಂದೆ ಕೇಳುವುದು ರೂಢಿ. ಕೇಳಿದಳು. ಹೊಟ್ಟೆಗಿಲ್ಲದೆ ತಾನಾಗಿಯೇ ಕಾಲಿಗೆ ಬಿದ್ದು ಅಗ್ಗಕ್ಕೆ ಕೊಡುತ್ತಾಳೆಂದು ನಾಮದೇವ ಎಣಿಸಿದ್ದ.

"ಆ ಕತ್ತಲ ಖೋಲಿ ನನಗ್ಯಾಕ? ಯಾರಿಗರೇ ಕೊಡ್ಲಿ."

"ಎಲ್ಲಾರೂ ಕೇಳಿದ್ರಲ್ಲರಿ?" ಎಂದು ರತ್ನಾಬಾಯಿ ಹಿರಿಯರತ್ತ ತಿರುಗಿದಳು.

ಎದುರು ಮನೆಯ ಲಾಲಪ್ಪನಿಗೂ ನಾಮದೇವನಿಗೂ ಚರಂಡಿಯ ಜಗಳ, ಮಾತಿಲ್ಲ. ಲಾಲಪ್ಪನ ಮನೆಯಲ್ಲಿ ವೈಫೈ ಇತ್ತು. ಆದರೆ ಇವಳ ಕಂಪ್ಯೂಟರಿಗೆ ತಂತಿ ಚುಚ್ಚದೆ ಇಂಟರ್ನೆಟ್ ಬರುತ್ತಿರಲಿಲ್ಲ. ಲಾಲಪ್ಪನ ಅಟ್ಟದಲ್ಲಿ ಬಿದ್ದಿದ್ದ ಹಳೇ ರೌಟರ್ ಬೇಡಿ ತಂದಳು. ಅದು ಅವನ ಮನೆಯ ವೈಫೈ ಹಿಡಿದು ಗಿಡ್ಡ ತಂತಿಯೊಂದರಿಂದ ಕಂಪ್ಯೂಟರಿಗೆ ಕೊಡುವಂತೆ ಅದರ ಸೆಟ್ಟಿಂಗ್ ಬದಲಿಸಿದಳು. ದಪ್ಪ ಕಲ್ಲುಗೋಡೆ ಬಿಡಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ತೂಗುಹಾಕಿದಾಗ ಹಸಿರು ದೀಪ ಹತ್ತಿತು.

"ಇದು ನಾಮದೇವನ ತಲಿ ಮ್ಯಾಲಿಂದ ಬರ್ತದೇನು?" ಎಂದ ಲಾಲಪ್ಪ.

"ತಲಿ ಒಳಗಿಂದನ ಬರ್ತದ, ಲಾಲಣ್ಣ. ಅಲ್ಲಿ ಭಾಳ ಖಾಲಿ ಅದ."

ಜನ ಮತ್ತೆ ಬಂದರು, ನಾಮದೇವನ ಅಂಗಳದಲ್ಲೇ ಹಾದು, ಅವನಿಗೆ ನಮಸ್ಕಾರ ಹೇಳಿಕೊಂಡು. ಅವನು ಮಾಳಿಗೆ ಹತ್ತಿ ತಂತಿ ಹುಡುಕಿದ. ಇರಲಿಲ್ಲ. ಇವಳೀಗ ಹಸಿಯುವುದಿಲ್ಲ, ಒಳ್ಳೆ ಗಿರಾಕಿ ಬರುವ ತನಕ ಕಾಯುತ್ತಾಳೆ ಎಂಬುದು ಹೊಳೆದು ಓಡಿಬಂದ.

"ವೈನಿ, ನೀವು ಹೇಳಿದ ರೇಟಿಗೇ ಖೋಲಿ ನಾನ ತಗೋತೀನಿ."

"ಹಿರೇರ ಮುಂದ ಬ್ಯಾಡ ಅಂದೀಯಲ್ಲೋ ತಮ್ಮಾ. ಲಾಲಣ್ಣಗ ಮಾತು ಕೊಟ್ಟಾಯ್ತು. ಖಾರ ಕುಟ್ಟೋ ಗಿರಣಿ ಹಾಕ್ತಾನಂತ."

"ಗಿರಣಿ? ನನ್ನ ಅಡಗಿ ಮನಿ ಗ್ವಾಡಿಗೆ ಹಚ್ಚಿ?"

"ಸೀನು ಬಂದ್ರ ಕಿಟಕಿ ಹಾಕ್ಕೋ."

ಹೊರಡುವ ದಿನ ಕಂಪ್ಯೂಟರ್ ಟಂಟಂ ಆಟೋ ಏರಿತು. ನಾಮದೇವ ಅಂಗಳದ ದಾರಿಗೆ ಕಾಲು ಚಾಚಿ ಕೂತಿದ್ದ. ರತ್ನಾಬಾಯಿ ದಾಟಲಿಲ್ಲ, ಬಳಸಲೂ ಇಲ್ಲ, ನಿಂತಳು. ಓಣಿಯೆಲ್ಲ ನೋಡುತ್ತಿತ್ತು. ಕೊನೆಗೆ ಅವನೇ ಕಾಲು ಮಡಚಿಕೊಂಡ. ಮನೆ ಬಿಡುವಾಗ ಯಾರೇ ಆದರೂ 'ಬರ್ತೀನಿ' ಅನ್ನುತ್ತಾರೆ. ಅವಳು ಸೆರಗು ಸರಿಮಾಡಿಕೊಂಡು "ಹೋಗ್ತೀನಿ" ಎಂದಳು, ಹೋದಳು.