ಕಣ್ಣಿಲ್ಲದ ಗಿಳಿ

"ಲೇ, ಮಿಷನ್ ಮನುಷ್ಯರ ಪಿಚ್ಚರ್ ಬೇಕಾ? ಅದನ್ನ ಅಲ್ಲಿಡು. ಇದನ್ನ ನೋಡು!"

ಚಳ್ಳಕೆರೆಯ ನನ್ನ ಸಿ.ಡಿ. ಅಂಗಡಿಯಲ್ಲಿ ಗಿರಾಕಿಗಳ ಕೈಯಿಂದ ಸಿನಿಮಾ ಕಿತ್ತುಕೊಂಡು ಹೀಗೆ ಹೇಳುತ್ತಿದ್ದವನು ನಾನಲ್ಲ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ ಓಬಳೇಶಪ್ಪ. ಅರವತ್ತು ದಾಟಿದ ವಯಸ್ಸು, ಮೊಣಕಾಲಿಗೆ ಎತ್ತಿಕಟ್ಟಿದ ಪಂಚೆ, ಬಣ್ಣ ಹತ್ತಿ ಕೆಂಪಾದ ಉಗುರು. ನಮ್ಮೂರಿನಲ್ಲಿದ್ದ ಮಗಳ ಮನೆಗೆ ಬಂದಾಗಲೆಲ್ಲ ವಾಪಸ್ ಬಸ್ಸು ಬರುವವರೆಗೆ ನನ್ನ ಸ್ಟೂಲು ಅವರದೇ.

ಅವರು ಹೊಗಳುತ್ತಿದ್ದದ್ದು ಒಂದೇ ಒಂದು ಜಪಾನಿ ಕಾರ್ಟೂನು. ಮಕ್ಕಳದಲ್ಲ. ಮುಂದೆಂದೋ ಬರುವ ಕಾಲದ ಊರು, ಬಿಡದ ಮಳೆ, ಗೋಡೆ ತುಂಬ ಬಣ್ಣದ ದೀಪ. ಸತ್ತ ಹೆಂಗಸೊಬ್ಬಳ ನೆನಪನ್ನೆಲ್ಲ ಒಂದು ಯಂತ್ರದ ಹೆಂಗಸಿಗೆ ತುಂಬಿರುತ್ತಾರೆ. ಕೊನೆಗೆ ಅವಳು ಬಂದು ಗಂಡನ ಮನೆ ಬಾಗಿಲು ತಟ್ಟುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯಿತು.

"ಮಳೆ ನೋಡಪ್ಪಾ, ಎಳೆ ಎಣಿಸಿ ಬರೆದವ್ರೆ! ಕೆಲ್ಸ ಅಂದ್ರೆ ಇದು" ಅನ್ನುತ್ತಿದ್ದರು. ನೋಡಿ ಬಂದವರಿಗೆಲ್ಲ ಒಂದೇ ಪ್ರಶ್ನೆ: "ನೀನಾಗಿದ್ರೆ ಬಾಗಿಲು ತೆಗೀತಿದ್ಯಾ?"

ಹುಡುಗರು ನಗುತ್ತಿದ್ದರು. ಒಬ್ಬನಾದರೂ ತೆಗೀತಿದ್ದೆ ಅನ್ನಲಿಲ್ಲ. ನನ್ನನ್ನೂ ಕೇಳಿದರು. "ಕರೆಂಟು ಹೋದ್ರೆ ಅವಳೂ ಹೋದ್ಲು, ತೆಗೆದು ಏನ್ಮಾಡ್ಲಿ ಯಜಮಾನ್ರೇ?" ಅಂದೆ. ನನ್ನ ನಾಲಿಗೆ ಸೇದಿಹೋಗ! ಅವರು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ತಂಗಿಯ ಮದುವೆ ಸೀರೆಗೆಂದು ಒಮ್ಮೆ ಅವರ ಮನೆಗೇ ಹೋದೆ. ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಮಾಲೆ ಒಂದೊಂದೇ ಹೆಜ್ಜೆ ತಿರುಗುತ್ತಿತ್ತು. ಯಾವ ಎಳೆ ಮೇಲೇಳಬೇಕು ಅಂತ ಹೇಳುವುದೇ ಆ ತೂತುಗಳು. ಸೀರೆ ಅಂಚಿನಲ್ಲಿ ಸಾಲಾಗಿ ಗಿಳಿಗಳು. ಒಂದಕ್ಕೂ ಕಣ್ಣಿಲ್ಲ!

"ಇದೇನ್ರೀ, ಗಿಳಿ ಕುರುಡು?"

"ಈ ರಟ್ಟು ನಮ್ಮ ಪಾಲಮ್ಮ ಕೊರೆದಿದ್ದು" ಅಂದರು. ಪಾಲಮ್ಮ ಅವರ ಹೆಂಡತಿ, ತೀರಿಹೋಗಿ ವರ್ಷಗಳಾಗಿದ್ದವು. "ಅದೇ ಕೊನೇದು. ಜ್ವರ ಇತ್ತು, ಒಂದು ತೂತು ಮರೆತ್ಲು."

"ಆ ತೂತು ಈಗ ಹೊಡೆದ್ರೆ ಸರಿಹೋಗಲ್ವಾ?"

"ಹೋಗ್ತೈತೆ. ಸೀರೆ ಕೊಳ್ಳೋ ಸಾವ್ಕಾರ್ರೂ ಅದಕ್ಕೇ ಬೈತಾರೆ. ಆಮೇಲೆ ಅದು ಬರೇ ರಟ್ಟು ಕಣೋ." ಮಗ್ಗದ ಮೆಟ್ಟು ಕಾಲಿಂದ ಒತ್ತಿದರು. ಪಟ್ಟಿ ತಿರುಗಿತು. "ನಾನು ಒತ್ತಿದ್ರೆ ಬರ್ತಾಳೆ. ಅದೇ ಜಾಗದಾಗೆ ಮರೀತಾಳೆ. ನೋಡು, ಈಗ ಮರೆತ್ಲು."

ಆ ಪಟ್ಟಿಯನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು. "ಈಗ ಹೇಳು. ಬಾಗಿಲು ತೆಗೀತಿದ್ಯಾ?"

ಒಂದು ಮಾತು ಸಾಕಿತ್ತು. "ಅಂಗಡಿಗೆ ಬನ್ನಿ, ಹೇಳ್ತೀನಿ" ಅಂದುಬಿಟ್ಟೆ. ಅವರು ಬರಲೇ ಇಲ್ಲ. ಮಗ್ಗದ ಮುಂದೆ ಕೂತಂತೆಯೇ ತೀರಿಕೊಂಡರಂತೆ.

ಮರುವರ್ಷ ಅವರ ಮಗಳು, ಅವರು ಒಯ್ದಿಟ್ಟುಕೊಂಡಿದ್ದ ಆ ಜಪಾನಿ ಕಾರ್ಟೂನಿನ ಸಿ.ಡಿ. ವಾಪಸ್ ಕೊಡಲು ಅಂಗಡಿಗೆ ಬಂದಳು, ಹೊಸ ಸೀರೆ ಉಟ್ಟಿದ್ದಳು. "ಅಪ್ಪನ ಮಗ್ಗದ್ದೇ ಅಣ್ಣ. ಮಗ್ಗ ಕೊಂಡ್ಕೊಂಡವ್ರು ರಟ್ಟಿನ ಆ ತಪ್ಪು ಸರಿ ಮಾಡವ್ರೆ. ಎಷ್ಟು ಚೆಂದ ಬಂದೈತಲ್ಲಾ?"

"ಚೆಂದ ಐತಮ್ಮ" ಅಂದೆ.

ಸೆರಗಿನ ಅಂಚಿನುದ್ದಕ್ಕೂ ಅಷ್ಟೂ ಗಿಳಿಗಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಅವಳು ಹೋದ ಮೇಲೆ ಖಾಲಿ ಸ್ಟೂಲಿನ ಕಡೆ ತಿರುಗಿ ಹೇಳಿದೆ: "ತೆಗೀತಿದ್ದೆ, ಯಜಮಾನ್ರೇ."