ನೋಡಿದ ಮೇಲೆ ಹೇಳುವ ಮಾತು

"ಕುರಿ ಕಾಯೋರ ಮನೆ ಹುಡ್ಗಿ ಬಿ.ಎ. ಮಾಡದುಂಟೇನ್ಲಾ?" ಎಂದು ಅಪ್ಪನ ಮುಂದೆ ನಕ್ಕವರು ನಮ್ಮ ದೊಡ್ಡಪ್ಪ. ನನಗೆ ರೋಗಿಗಳ ಚೀಟಿ ಬರೆಯುವ ಕೆಲಸ ಕೊಟ್ಟು ಓದಿಸಿದವರು ನಮ್ಮೂರ ಚಿಕ್ಕ ಆಸ್ಪತ್ರೆಯ ಸ್ಪೇನಿನ ಸಿಸ್ಟರ್.

ಅವರ ಬಾಯಲ್ಲಿ ಸದಾ ಒಂದು ಸ್ಪ್ಯಾನಿಷ್ ಪದ. ಹೆಂಗಸರಿಗೆ 'ತ್ರಾಂಕೀಲಾ', ಗಂಡಸರಿಗೆ 'ತ್ರಾಂಕೀಲೊ'. ನೆಮ್ಮದಿಯಾಗಿರು, ಹೆದರಬೇಡ ಎಂದರ್ಥ. ಒಮ್ಮೆ ಜ್ವರ ಬಂದ ಮಗುವಿನ ತಾಯಿಗೆ ನಾನೂ ಹಾಗೆಂದುಬಿಟ್ಟೆ. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. "ಮಗುವನ್ನು ಮುಟ್ಟಿ ನೋಡಿದೆಯಾ? ಮೊದಲು ನೋಡು, ಆಮೇಲೆ ಹೇಳು." ತಾವು ಮಗುವಿನ ಹಣೆ ಮುಟ್ಟಿ, ಕಣ್ಣು ನೋಡಿ, ನಂತರವೇ ಆ ತಾಯಿಯ ಭುಜದ ಮೇಲೆ ಕೈಯಿಟ್ಟು ಆ ಪದ ಹೇಳಿದರು.

ಕೊನೆಯ ವರ್ಷ ಇಂಗ್ಲಿಷಿನಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದ್ದೆ. ಈ ಸಲವೂ ಹೋದರೆ ಓದು ಸಾಕು, ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಒಂದು ದಿನ ಆಸ್ಪತ್ರೆಯ ಮುಂದೆ ಬಸ್ ನಿಲ್ಲಿಸಿ ಕಂಡಕ್ಟರ್, "ಪಾಸಾಗಿದ್ದೀಯಂತೆ ಕಣಮ್ಮ!" ಎಂದು ಕೂಗಿದ. ಸಿಸ್ಟರ್ ಅದೇ ಬಸ್ಸಿನಲ್ಲಿ ನನ್ನನ್ನು ಮಧುಗಿರಿಗೆ ಕರೆದೊಯ್ದು, ಕಾಲೇಜಿನ ಬೋರ್ಡಿನ ಮೇಲೆ ನನ್ನ ನಂಬರಿಗೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ನನ್ನ ಭುಜ ಹಿಡಿದು "ತ್ರಾಂಕೀಲಾ" ಎಂದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಸರ್ಟಿಫಿಕೇಟ್ ಬಂದಾಗ ಅದನ್ನು ಅವ್ವನ ಕೈಗೆ ಸಿಸ್ಟರೇ ಕೊಡಲಿ ಎಂದೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಈಸಿಕೊಂಡಳು.

"ನಿಮ್ಮವ್ವಂಗೆ ಒಂದ್ ಕಾಗ್ದ ಬರೀರಿ ಕಣಮ್ಮ," ಎಂದಳು ಸಿಸ್ಟರಿಗೆ. "ಮಗ್ಳು ಇಲ್ಲಿ ಎಂಥ ಕೆಲ್ಸ ಮಾಡವ್ಳೆ ಅಂತ ಆವಮ್ಮಂಗೂ ಗೊತ್ತಾಗ್ಲಿ."